ತೇವದ ಗೋಡೆಗೆ ಸ್ಟಿಕ್ಕರ್ ವಾಲ್‌ಪೇಪರ್ ಅಂಟಿಸುವ ಮುನ್ನ

ಪಿಜಿ ಬಿಟ್ಟು ಬೆಂಗಳೂರಿನಲ್ಲಿ ನಾನು ಹಿಡಿದ ಮೊದಲ ಬಾಡಿಗೆ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಅದರ ಮೇಲೆ ತಾರಸಿಯಷ್ಟೆ. ಅಡ್ವಾನ್ಸ್ ಕಟ್ಟಿದ ಮೇಲೆ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮಲಗುವ ಕೋಣೆಯಲ್ಲಿ ಬಚ್ಚಲಿಗೆ ಹೊಂದಿಕೊಂಡ ಗೋಡೆಯ ಬುಡದಲ್ಲಿ ಚಹಾ ಚೆಲ್ಲಿದಂಥ ಒಂದು ಕಲೆಯಿತ್ತು. ಮಾಲೀಕರು ಅದನ್ನು ಹಳೆಯ ಕಲೆಯೆಂದರು. ನಾನೂ ನಂಬಿದೆ, ಏಕೆಂದರೆ ನಂಬುವುದು ಪೇಂಟ್ ಮಾಡಿಸುವುದಕ್ಕಿಂತ ಅಗ್ಗವಾಗಿತ್ತು.

ಆನ್‌ಲೈನ್‌ನಲ್ಲಿ ಹಿಂಬದಿಯಲ್ಲೇ ಅಂಟು ಇರುವ ಪಿವಿಸಿ ಪ್ಲಾಸ್ಟಿಕ್ಕಿನ ವಾಲ್‌ಪೇಪರ್ ತರಿಸಿದೆ. ಒಂದು ಸುರುಳಿ 45 ಸೆಂ.ಮೀ. ಅಗಲ, 10 ಮೀಟರ್ ಉದ್ದ. ಹನ್ನೆರಡು ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಗೋಡೆಗೆ ಮೂರು ಸುರುಳಿ ಸರಿಹೋದವು. ಒಂದು ಭಾನುವಾರ ಗೆಳೆಯನೊಡನೆ ಕುಳಿತು, ಹಳೆಯ ಎಟಿಎಂ ಕಾರ್ಡಿನಿಂದ ಗುಳ್ಳೆಗಳನ್ನು ಒತ್ತುತ್ತ ಅಂಟಿಸಿ ಮುಗಿಸಿದೆವು. ಕೋಣೆ ನಿಜಕ್ಕೂ ಚೆನ್ನಾಗಿ ಕಂಡಿತು. ಅದಕ್ಕೆ ಒರಗಿಸಿ ಪಾರ್ಟಿಕಲ್ ಬೋರ್ಡಿನ ಅಗ್ಗದ ಬೀರುವನ್ನೂ ಇಟ್ಟೆ.

ಮಳೆಗಾಲ ಬಲಿತಾಗ ಬಟ್ಟೆಗಳಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಬಟ್ಟೆ ಸರಿಯಾಗಿ ಒಣಗಿಲ್ಲವೆಂದುಕೊಂಡು ಎರಡು ವಾರ ನಾಫ್ತಲಿನ್ ಗುಳಿಗೆ ಇಟ್ಟದ್ದು ನನ್ನ ಬುದ್ಧಿವಂತಿಕೆ. ಕೊನೆಗೆ ಬೀರು ಸರಿಸಿದಾಗ ಅದರ ಹಿಂದಿನ ಹಲಗೆಯ ಕೆಳಅಂಚು ನೆನೆದ ರಸ್ಕಿನಂತೆ ಉಬ್ಬಿ, ಬೆರಳಿಟ್ಟಲ್ಲಿ ಪುಡಿಯಾಯಿತು. ವಾಲ್‌ಪೇಪರಿನ ಮೂಲೆಯೊಂದನ್ನು ಎಳೆದೆ: ಡಿಸ್ಟೆಂಪರ್ ಬಣ್ಣ, ಅದರ ಹಿಂದೆ ಗೋಡೆ ನುಣುಪಾಗಲು ಬಳಿದ ಪುಟ್ಟಿ ಎರಡೂ ಅಂಗೈ ಅಗಲದ ಚಕ್ಕೆಗಳಾಗಿ ಕಿತ್ತುಬಂದವು. ಒಳಗಡೆ ಕಪ್ಪು ಬೂಷ್ಟು, ನಡುನಡುವೆ ಉಪ್ಪಿನಂಥ ಬಿಳಿ ಹುಡಿ.

ಕಾರಣವನ್ನು ಆಮೇಲೆ ಬಂದ ಗಾರೆಯವರು ತಿಳಿಸಿದರು. ಬಚ್ಚಲಿನ ಟೈಲ್ಸ್ ಸಂದಿಯಿಂದ ಇಳಿದ ನೀರು ಗೋಡೆಯೊಳಗೆ ಸೇರುತ್ತಿತ್ತು. ಮೊದಲು ಆ ತೇವ ಕೋಣೆಯ ಗಾಳಿಗೆ ಅಷ್ಟಿಷ್ಟು ಆರುತ್ತಿತ್ತು. ಪಿವಿಸಿ ಹಾಳೆ ಆ ದಾರಿಯನ್ನೇ ಮುಚ್ಚಿತು. ಬಿಳಿ ಹುಡಿಯೆಂದರೆ ಇಟ್ಟಿಗೆ, ಸಿಮೆಂಟಿನ ಲವಣ. ನೀರಿನೊಂದಿಗೆ ಹೊರಗೆ ಬಂದು, ನೀರು ಆರಿದಲ್ಲಿ ಉಳಿಯುತ್ತದೆ. ಡಿಸ್ಟೆಂಪರ್ ಮೊದಲೇ ಪುಡಿಪುಡಿಯಾದ ಬಣ್ಣ, ಆದ್ದರಿಂದ ಗೋಡೆ ಒಣಗಿದ್ದರೂ ಕೀಳುವಾಗ ಸ್ವಲ್ಪ ಬಣ್ಣ ಹೋಗುತ್ತಿತ್ತಂತೆ. ‘ಗೋಡೆಗೆ ಹಾನಿಯಿಲ್ಲದೆ ತೆಗೆಯಬಹುದು’ ಎಂಬ ಜಾಹೀರಾತಿನ ಮಾತು ಬಾಡಿಗೆ ಮನೆಯ ಗೋಡೆ ನೋಡಿ ಬರೆದದ್ದಲ್ಲ.

ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ನಮ್ಮೂರಿನ ವಾಡಿಕೆ. ನನ್ನ ಅಡ್ವಾನ್ಸಿನಲ್ಲಿ ಅದರ ಜೊತೆಗೆ ಪುಟ್ಟಿ ಕೆಲಸದ ಹಣವೂ ಹೋಯಿತು. ಸೋರಿಕೆ ನನ್ನದಲ್ಲವೆಂದು ವಾದಿಸಲು ನನ್ನ ಬಳಿ ಮನೆಗೆ ಬಂದ ದಿನದ ಒಂದು ಫೋಟೊ ಕೂಡ ಇರಲಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ಪ್ರತಿ ಗೋಡೆಯ, ಅದರಲ್ಲೂ ಬುಡದ ಮತ್ತು ಸೂರಿನ ಅಂಚಿನ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ.

ಗೋಡೆಯನ್ನು ಪರೀಕ್ಷಿಸಲು ಕಾಸೂ ಬೇಕಿಲ್ಲ. ಅಡಿಯಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡಿನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹನಿಗಳು ಪ್ಲಾಸ್ಟಿಕ್ಕಿನ ಹಿಂಬದಿಯಲ್ಲಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗಿದ್ದರೆ ಅದು ಗಾಳಿಯ ತೇವ. ಮೊದಲಿನದಾದರೆ ಮಾಲೀಕರು ಸೋರಿಕೆ ನಿಲ್ಲಿಸುವವರೆಗೆ ಆ ಗೋಡೆಗೆ ಏನನ್ನೂ ಅಂಟಿಸಬೇಡಿ, ಬೀರುವನ್ನೂ ಅದರಿಂದ ಒಂದು ಗೇಣು ದೂರವಿಡಿ.