ಹಳೆಯ ಮಾರುತಿ 800ಕ್ಕೆ ಫಾಗ್ ಲ್ಯಾಂಪ್ ಕಿಟ್: ರಿಲೇ ಚೆನ್ನಾಗಿದೆ, ತಂತಿ ಸಾಲದು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಫಾಗ್ ಲ್ಯಾಂಪ್ ಕೇಳಿದರೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಫ್ಯೂಸ್, ಸ್ವಿಚ್ಚು ಮತ್ತು ಜೋಡಿಸಿಟ್ಟ ತಂತಿಗಳಿರುವ ಕಿಟ್ಟನ್ನೂ ಜೊತೆಗೇ ತೆಗೆದಿಡುತ್ತಾರೆ. ಕಾರ್ಬ್ಯುರೇಟರ್ ಕಾಲದ ನಮ್ಮ ಮಾರುತಿ 800ಕ್ಕೆ, ಮಳೆಗಾಲದ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ರಸ್ತೆಯ ಅಂಚು ಕಾಣಲೆಂದು, 55 ವ್ಯಾಟಿನ ಎರಡು ಹಳದಿ ಹ್ಯಾಲೊಜನ್ ದೀಪಗಳನ್ನು ಕೂರಿಸುವಾಗ ಅಂಥದೊಂದು ಕಿಟ್ಟನ್ನು ಬಳಸಿದೆ.

ಇಂಥ ಕಾರಿಗೆ ರಿಲೇ ಬೇಕೇ ಎಂದು ಕೇಳುವವರಿದ್ದಾರೆ. ಎರಡು ದೀಪಗಳು ಸೇರಿ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೂ ತುಸು ಹೆಚ್ಚು ಕರೆಂಟ್ ಎಳೆಯುತ್ತವೆ. ಅಷ್ಟನ್ನೂ ಡ್ಯಾಶ್‌ಬೋರ್ಡಿನ ಚಿಕ್ಕ ಸ್ವಿಚ್ಚಿನ ಮೂಲಕ ಹರಿಸಿದರೆ ಅದರೊಳಗಿನ ಪಾಯಿಂಟುಗಳು ಕರಕಲಾಗುತ್ತವೆ, ಹಳೆಯ ವೈರಿಂಗ್ ಬಿಸಿಯಾಗುತ್ತದೆ. ರಿಲೇ ಇದ್ದರೆ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯೊಳಗಿನ ಸುರುಳಿಗೆ (ಕಾಯಿಲ್) ಬೇಕಾದ ಸುಮಾರು 0.2 ಆಂಪಿಯರ್ ಮಾತ್ರ, ಮಿಕ್ಕ ಭಾರವೆಲ್ಲ ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ.

ಕಿಟ್ಟಿನ ರಿಲೇಯ ಬಗ್ಗೆ ನನ್ನ ದೂರಿಲ್ಲ. ನಾಲ್ಕು ಪಿನ್ನುಗಳ, 40 ಆಂಪಿಯರಿನ ಸಾಮಾನ್ಯ ರಿಲೇ. 30ನೇ ಪಿನ್ನಿಗೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86ಕ್ಕೆ ಸುರುಳಿ ಎಂಬ ಗುರುತುಗಳು ಸ್ಪಷ್ಟವಾಗಿವೆ, ಸಾಕೆಟ್ಟೂ ಬಿಗಿಯಾಗಿದೆ. ಸ್ವಿಚ್ಚಿಗೆ ನೇರ ಬ್ಯಾಟರಿಯಿಂದ ಕರೆಂಟ್ ಕೊಡಬೇಕೆಂದು ಕಿಟ್ಟಿನ ಚೀಟಿಯಲ್ಲಿ ಬರೆದಿದ್ದರೂ, ಎಲೆಕ್ಟ್ರಿಷಿಯನ್ ಅದನ್ನು ಪಾರ್ಕಿಂಗ್ ಲೈಟಿನ ತಂತಿಯಿಂದ ತೆಗೆದುಕೊಂಡರು. ಪಾರ್ಕಿಂಗ್ ಲೈಟ್ ಆರಿಸಿದ ಕೂಡಲೇ ಫಾಗ್ ಲ್ಯಾಂಪೂ ಆರುವುದರಿಂದ, ಮರೆತು ಇಳಿದುಹೋದರೂ ಬ್ಯಾಟರಿ ಬರಿದಾಗುವ ಭಯವಿಲ್ಲ.

ತೊಂದರೆಯೆಲ್ಲ ತಂತಿಯದು. ಹೊರಗಿನ ಪ್ಲಾಸ್ಟಿಕ್ ದಪ್ಪವಾಗಿದ್ದು ನೋಡಲು ಗಟ್ಟಿಮುಟ್ಟಾಗಿ ಕಂಡರೂ, ತುದಿ ಸುಲಿದಾಗ ಒಳಗಿದ್ದದ್ದು ಬೆರಳೆಣಿಕೆಯ ಎಳೆಗಳು. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿಯಲ್ಲಿ 13.6 ವೋಲ್ಟ್ ಇದ್ದರೆ, ಉರಿಯುವ ದೀಪದ ಹೋಲ್ಡರಿನಲ್ಲಿ ಮೀಟರ್ ತೋರಿಸಿದ್ದು 12.4. ಒಂದೂಕಾಲು ವೋಲ್ಟಿನ ಒಳಗಿನ ಈ ನಷ್ಟ ಸಣ್ಣದೆನಿಸಬಹುದು. ಆದರೆ ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಲೆಕ್ಕ ಹಾಕಿದರೆ ಕಾಲು ಭಾಗದಷ್ಟು ಬೆಳಕು ದಾರಿಯಲ್ಲೇ ಸೋರಿಹೋದಂತಾಯಿತು. ರಿಲೇ ಹಾಕುವ ಉದ್ದೇಶದಲ್ಲಿ ಅರ್ಧವನ್ನು ಈ ತಂತಿಯೇ ನುಂಗಿಹಾಕುತ್ತದೆ. ಇದಕ್ಕಿಂತ ಕಳವಳ ಹುಟ್ಟಿಸಿದ್ದು ಜೊತೆಗಿದ್ದ 30 ಆಂಪಿಯರಿನ ಫ್ಯೂಸ್. ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಇಷ್ಟು ತೆಳುವಾದ ತಂತಿ ಎಲ್ಲಾದರೂ ಕಾರಿನ ತಗಡಿಗೆ ತಗುಲಿ ಶಾರ್ಟ್ ಆದರೆ ಆ ಫ್ಯೂಸ್ ಹೋಗುವ ಮೊದಲು ತಂತಿಯೇ ಹೊತ್ತಿಕೊಳ್ಳಬಹುದು. ಪೊಟ್ಟಣದ ಮೇಲೆ 'ಹೆವಿ ಡ್ಯೂಟಿ' ಎಂದು ಅಚ್ಚು ಹಾಕಿದವರಿಗೆ ಇದು ತಿಳಿಯದ ವಿಷಯವೇನಲ್ಲ.

ಕೊನೆಗೆ ಬ್ಯಾಟರಿಯಿಂದ ರಿಲೇಗೂ ರಿಲೇಯಿಂದ ದೀಪಗಳಿಗೂ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, 15 ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಲಾಯಿತು. ದೀಪದಿಂದ ಕಾರಿನ ತಗಡಿಗೆ ಬಿಗಿಯುವ ಅರ್ಥ್ ತಂತಿ ಕೂಡ ಅಷ್ಟೇ ದಪ್ಪದ್ದು. ಹಳೆಯ ಕಾರಿನಲ್ಲಿ ಬಣ್ಣ ಮತ್ತು ತುಕ್ಕಿನ ಮೇಲೆ ಬೋಲ್ಟ್ ಬಿಗಿದರೆ ಪ್ರಯೋಜನವಿಲ್ಲವಾದ್ದರಿಂದ, ತಗಡು ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿದರು. ಈಗ ಹೋಲ್ಡರಿನಲ್ಲಿ 13.3 ವೋಲ್ಟ್ ಸಿಗುತ್ತಿದೆ.

ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ದೀಪ ಹಾಕುವವರು ಫ್ಯೂಸೊಂದನ್ನು ಬದಲಾಯಿಸಿ ಈ ಕಿಟ್ಟನ್ನೇ ಬಳಸಬಹುದು. ಹ್ಯಾಲೊಜನ್ ಹಾಕುವವರು ರಿಲೇ, ಸಾಕೆಟ್, ಫ್ಯೂಸ್ ಹೋಲ್ಡರ್ ಮತ್ತು ತಂತಿಯನ್ನು ಬಿಡಿಬಿಡಿಯಾಗಿ ಕೊಳ್ಳುವುದೇ ಮೇಲು. ಯಾವುದನ್ನು ಕೊಂಡರೂ, ರಿಲೇಯನ್ನು ಪಿನ್ನುಗಳು ಕೆಳಮುಖವಾಗಿರುವಂತೆ ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟಲು ಹೇಳಿ; ಮಲೆನಾಡಿನ ಮಳೆಯಲ್ಲಿ ಸಾಕೆಟ್ಟಿನೊಳಗೆ ನೀರು ನಿಲ್ಲುವುದಿಲ್ಲ.