ಚಂದ್ರಿಕೆ ಸುರುಳಿಗೆ ರೇಷ್ಮೆ ಆರ್ಗನ್ಜಾ: ಹೊಲಿಯೋರಿಗೆ ತಿಳಿದಿರಬೇಕಾದ್ದು

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಗೊತ್ತಲ್ಲ, ಆರಡಿಗೆ ನಾಲ್ಕಡಿ ಚಾಪೆಯ ಮೇಲೆ ಸುರುಳಿ ಸುತ್ತಿ ನಿಂತ ಪಟ್ಟಿ? ಚಿಕ್ಕಬಳ್ಳಾಪುರ ಸೀಮೆಯ ಫ್ಯಾಷನ್ ವಿದ್ಯಾರ್ಥಿಗಳು ಕಾನ್ಸೆಪ್ಟ್ ಉಡುಪಿಗೆ ಆ ಆಕಾರ ಎತ್ತಿಕೊಂಡರೆ ಬಟ್ಟೆಯ ಪಟ್ಟಿಯನ್ನು ಎದೆಯ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಬಕ್ರಂ (ಕಾಲರಿಗೆ ಹಾಕುವ ಗಟ್ಟಿ ಬಟ್ಟೆ) ಹಾಕಿದರೆ ರಟ್ಟಿನ ಹಾಗೆ ಕಾಣುತ್ತೆ, ಕ್ಯಾನ್‌ಕ್ಯಾನ್ ಅನ್ನೋ ಬಿರುಸು ಬಲೆಬಟ್ಟೆ ಮೈಗೆ ಚುಚ್ಚುತ್ತೆ. ಈ ಕೆಲಸಕ್ಕೆ ತೆಳ್ಳಗೆ, ಆಚೆ ಕಾಣುವಂತಿದ್ದೂ ಬಿರುಸಾಗಿರುವ ರೇಷ್ಮೆ ಆರ್ಗನ್ಜಾನೇ ಸರಿ, ದುಬಾರಿಯಾದರೂ.

ಅದು ನಿಲ್ಲುವುದು ಅಂಟಿನ ಬಲದಿಂದ. ಗೂಡಿನ ನೂಲಿನ ತೂಕದಲ್ಲಿ ಶೇ. 20ರಿಂದ 25ರಷ್ಟು ಸೆರಿಸಿನ್ ಅನ್ನೋ ಅಂಟು ಇರುತ್ತೆ. ಮೆತ್ತನೆ ರೇಷ್ಮೆ ಬೇಕಾದಾಗ ಸೋಪು ನೀರಲ್ಲಿ ಬೇಯಿಸಿ ಅದನ್ನು ತೆಗೆಯುತ್ತಾರೆ. ಆರ್ಗನ್ಜಾದಲ್ಲಿ ಹಾಗೇ ಬಿಡುತ್ತಾರೆ. ಹಾಗಾಗಿ ಬಿಸಿ ಸೋಪುನೀರಿಗೆ ಹಾಕಿದಿರೋ, ಸುರುಳಿ ಮಲಗಿತು ಅಂತಲೇ ಲೆಕ್ಕ. ನೀರಿನ ಹನಿಯೂ ಕಲೆ ಬಿಡುತ್ತೆ, ಇಸ್ತ್ರಿ ಒಣದಾಗಿಯೇ ಆಗಬೇಕು, ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ.

ಕೊಳ್ಳುವಾಗ ಅಂಚಿನಿಂದ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್; ಅದಕ್ಕೆ ಇಸ್ತ್ರಿಯ ಮಡಿಕೆ ಸರಿಯಾಗಿ ಕೂರಲ್ಲ, ಕತ್ತರಿಸಿದ ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತೆ. (ನೂಲು ಬಿಚ್ಚುವ ಊರು ಪಕ್ಕದಲ್ಲೇ ಇದ್ದರೂ ಒಳ್ಳೆ ಆರ್ಗನ್ಜಾ ಆರಿಸೋಕೆ ಬೆಂಗಳೂರಿನ ಚಿಕ್ಕಪೇಟೆ ಸುತ್ತಬೇಕಾಗಬಹುದು, ವಿಪರ್ಯಾಸ.)

ಪಟ್ಟಿಯ ಲೆಕ್ಕ ಹೀಗೆ. ಸುರುಳಿಯ ಹೊರ ತ್ರಿಜ್ಯ 20 ಸೆಂ.ಮೀ., ಸುತ್ತಿನಿಂದ ಸುತ್ತಿಗೆ 4 ಸೆಂ.ಮೀ. ಅಂತರ ಅಂದರೆ ತ್ರಿಜ್ಯದ ವರ್ಗವನ್ನು 3.14ರಿಂದ ಗುಣಿಸಿ 4ರಿಂದ ಭಾಗಿಸಿ: ಸುಮಾರು 314 ಸೆಂ.ಮೀ. ಪಟ್ಟಿ. ಎತ್ತರ 4 ಸೆಂ.ಮೀ. ಬೇಕಾದರೆ 10 ಸೆಂ.ಮೀ. ಅಗಲ ಕತ್ತರಿಸಿ ಉದ್ದಕ್ಕೆ ಎರಡಾಗಿ ಮಡಚಿ. ಮೇಲೆ ಮಡಿಕೆ ಬರುವುದರಿಂದ ಅಂಚು ಹೊಲಿಯುವ ತಂಟೆಯಿಲ್ಲ. 44 ಇಂಚು ಪನ್ನದಲ್ಲಿ (ಬಟ್ಟೆಯ ಅಗಲ) ಅಡ್ಡಕ್ಕೆ ಮೂರು ಪಟ್ಟಿ ಸಾಲುತ್ತೆ, ಆದರೆ ಕೂದಲೆಳೆಯಲ್ಲಿ. ನಾಲ್ಕು ತೆಗೆದಿಡಿ.

ಹೆಚ್ಚಿನವರು ಕೆಡಿಸುವುದು ತಿರುವಿನಲ್ಲಿ. ನೆಟ್ಟಗೆ ನಿಂತ ಪಟ್ಟಿ ಎಷ್ಟು ಬೇಕಾದರೂ ಬಾಗುತ್ತೆ, ಅದಕ್ಕೆ ಕ್ರಾಸ್ ಪೀಸ್ (ನೂಲಿಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಬೇಡ. ನೇರ ನೂಲಲ್ಲೇ ಕತ್ತರಿಸಿ, ಕ್ರಾಸ್ ಆದರೆ ಜೋಲುತ್ತೆ. ಸಿಕ್ಕಿಕೊಳ್ಳುವುದು ತಳದಲ್ಲಿ ಮಲಗುವ 1 ಸೆಂ.ಮೀ. ಹೊಲಿಗೆ ಅಂಚು ಮಾತ್ರ. ಸುರುಳಿಯ ಹೊರಮುಖಕ್ಕೆ ಮಲಗಿಸಿದರೆ ಅದಕ್ಕೆ ಉದ್ದ ಸಾಲದೆ ಪಟ್ಟಿಯನ್ನೇ ಎಳೆದು ವಾಲಿಸುತ್ತೆ, ಒಳಮುಖಕ್ಕೆ ಮಲಗಿಸಿದರೆ ಒಂದರ ಮೇಲೊಂದು ನೆರಿಗೆ ಬೀಳುತ್ತೆ. ಹೊರಮುಖಕ್ಕೇ ಮಲಗಿಸಿ, ಸೆಂಟಿಮೀಟರಿಗೊಂದು ಕತ್ತರಿ ಏಟು ಕೊಡಿ, ಹೊಲಿಗೆ ಗೆರೆಗೆ 2 ಮಿ.ಮೀ. ಉಳಿಸಿ. ನಡುವಿನ ಬಿಗಿ ಸುತ್ತಿಗೆ ಅರ್ಧ ಸೆಂಟಿಮೀಟರಿಗೊಂದು. ಅಲ್ಲಿ ಮಡಚಿದ ಪಟ್ಟಿಯ ಒಳಪದರ ಗುಳ್ಳೆಗುಳ್ಳೆಯಾಗಿ ಏಳುವುದೂ ಉಂಟು. ನಡುವಿನ ಆ ಕೊನೆಯ ಸುತ್ತನ್ನು ಒಂಟಿ ಪದರದಲ್ಲಿ ಮಾಡಿ, ಸಣ್ಣ ಅಂಚಿನೊಳಗೆ ಗಾಳದ ನೈಲಾನ್ ದಾರ ಸೇರಿಸಿ ಹೊಲಿದರೆ ಚೊಕ್ಕವಾಗಿ ನಿಲ್ಲುತ್ತೆ.

ಮಿಷನ್‌ಗೆ 9 ನಂಬರ್ ಹೊಸ ಸೂಜಿ, ತೆಳು ದಾರ, 2 ಮಿ.ಮೀ. ಹೊಲಿಗೆ, ಮೇಲಿನ ಟೆನ್ಷನ್ ಒಂಚೂರು ಸಡಿಲ. ಬಟ್ಟೆ ಸೂಜಿ ಇಳಿಯುವ ತೂತಿನೊಳಗೆ ಕಚ್ಚಿಕೊಂಡರೆ ಅಡಿಗೆ ಗಾಳಿಪಟದ ಕಾಗದ ಇಟ್ಟು ಹೊಲಿದು ಆಮೇಲೆ ಹರಿಯಿರಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತೆ. ಗುಂಡುಸೂಜಿ ಹೊಲಿಗೆ ಅಂಚಿನೊಳಗೇ ಇರಲಿ. ಬಿಚ್ಚಿ ಹೊಲಿದ ಜಾಗದಲ್ಲಿ ತೂತಿನ ಸಾಲು ಉಳಿಯುತ್ತೆ, ಆದ್ದರಿಂದ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ.

ಮೈಗೆ ತಾಗುವ ಬಟ್ಟೆಯೂ ಆರ್ಗನ್ಜಾ ಆದರೆ ಪಕ್ಕದ ಹೊಲಿಗೆ ಎದ್ದು ಕಾಣುತ್ತೆ. ಫ್ರೆಂಚ್ ಸೀಮ್ ಹಾಕಿ: ಉಲ್ಟಾ ಮುಖ ಸೇರಿಸಿ 5 ಮಿ.ಮೀ.ಗೆ ಹೊಲಿದು, 3ಕ್ಕೆ ಕತ್ತರಿಸಿ, ತಿರುಗಿಸಿ 7ಕ್ಕೆ ಮತ್ತೆ ಹೊಲಿಯಿರಿ. ಕಂಕುಳಿಗೆ ಹತ್ತಿ ವಾಯ್ಲ್ ಅಸ್ತರು ಕೊಡದಿದ್ದರೆ ಬೆವರಿಗೆ ಅಲ್ಲೇ ಮೊದಲು ಮೆತ್ತಗಾಗುತ್ತೆ.