ಒಂದು ವರ್ಷ ಬಳಸಿದ ಸ್ಟರ್ಲಿಂಗ್ ಬೆಳ್ಳಿ ಚಮಚ: ಲೋಹ ಒಳ್ಳೆಯದು, ಪೆಟ್ಟಿಗೆ ಬೇಡ

ಒಂದು ವರ್ಷದಿಂದ ದಿನವೂ ಬಳಸುತ್ತಿರುವ ಸ್ಟರ್ಲಿಂಗ್ ಬೆಳ್ಳಿಯ ಚಮಚದ ಬಗ್ಗೆ ಈ ವಿಮರ್ಶೆ. ಚಮಚದ ಜೊತೆಗೆ ಮಖಮಲ್ ಹೊದಿಸಿದ ಒಂದು ಪೆಟ್ಟಿಗೆಯೂ ಲೋಹದ ಗುಣಗಳನ್ನು ಹೊಗಳುವ ಒಂದು ಕರಪತ್ರವೂ ಬಂದಿದ್ದವು. ಮೂರರಲ್ಲಿ ಚಮಚಕ್ಕೆ ಮಾತ್ರ ನನ್ನ ಪೂರ್ಣ ಅಂಕ. ಪೆಟ್ಟಿಗೆಯಿಂದ ಚಮಚಕ್ಕೇ ಹಾನಿಯಾಯಿತು, ಕರಪತ್ರವಂತೂ ಅರ್ಧಸತ್ಯಗಳ ಸಂತೆ.

ಹಿಡಿಯ ಹಿಂಬದಿಯಲ್ಲಿ 925 ಎಂಬ ಮುದ್ರೆಯಿದೆ. 1000 ಭಾಗ ಲೋಹದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಎಂದು ಅದರ ಅರ್ಥ; ಸ್ಟರ್ಲಿಂಗ್ ಎಂದರೆ ಇದೇ. ಅಪ್ಪಟ ಬೆಳ್ಳಿ ಬಹಳ ಮೆದುವಾದ್ದರಿಂದ ಅದರಿಂದಲೇ ಚಮಚ ಮಾಡಿದರೆ ಬೇಗ ಬಾಗಿ ಗೀರು ಬೀಳುತ್ತದೆ. ಆ ಸ್ವಲ್ಪ ತಾಮ್ರ ಅದಕ್ಕೆ ಬಿಗುವು ಕೊಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಜರ್ಮನ್ ಸಿಲ್ವರ್ ಎಂದು ಮಾರಾಟವಾಗುವುದು ತಾಮ್ರ, ನಿಕಲ್, ಸತುಗಳ ಮಿಶ್ರಲೋಹವೇ ಹೊರತು ಅದರಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ಆದ್ದರಿಂದ ಮುದ್ರೆಯನ್ನಷ್ಟೇ ನಂಬದೆ ಚಮಚವನ್ನು ತೂಗಿದೆ: 41.4 ಗ್ರಾಂ. ನಂತರ ನೀರಿನ ಲೋಟವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಚಮಚವನ್ನು ದಾರದಲ್ಲಿ ಕಟ್ಟಿ ತಳಕ್ಕಾಗಲೀ ಅಂಚಿಗಾಗಲೀ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. ತಕ್ಕಡಿ 4.0 ಗ್ರಾಂ ತೋರಿಸಿತು; ಚಮಚ ಸರಿಸಿದ ನೀರಿನ ತೂಕ ಅದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ 10.35 (ನೀರಿನದ್ದು 1) ಎಂದಾಯಿತು. ಅಪ್ಪಟ ಬೆಳ್ಳಿಯ ಸಾಂದ್ರತೆ 10.49, ಸ್ಟರ್ಲಿಂಗ್‌ನದ್ದು ಅದಕ್ಕಿಂತ ತುಸು ಕಡಿಮೆ. ಜರ್ಮನ್ ಸಿಲ್ವರ್ ಅಥವಾ ಬೆಳ್ಳಿಯ ಲೇಪ ಕೊಟ್ಟ ಹಿತ್ತಾಳೆಯಾಗಿದ್ದರೆ ಇದೇ ತೂಕದ ಚಮಚಕ್ಕೆ ತಕ್ಕಡಿ 4.7 ಗ್ರಾಂಗಿಂತ ಹೆಚ್ಚು ತೋರಿಸಬೇಕಿತ್ತು. ಮನೆಯ ತಕ್ಕಡಿಯಲ್ಲಿ 925ಕ್ಕೂ 999ಕ್ಕೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಇಂಥ ನಕಲಿಗಳನ್ನು ಹಿಡಿಯಲು ಇಷ್ಟು ಸಾಕು.

ಬಳಕೆಯಲ್ಲಿ ಮೊದಲು ಗಮನಕ್ಕೆ ಬರುವುದು ಶಾಖ. ಬಿಸಿ ನೀರಿನಲ್ಲಿ ಅದ್ದಿಟ್ಟ ಸ್ಟೀಲ್ ಚಮಚದ ತುದಿಯನ್ನು ಎಷ್ಟೋ ಹೊತ್ತು ಆರಾಮವಾಗಿ ಹಿಡಿಯಬಹುದು. ಬೆಳ್ಳಿಯ ಚಮಚವಾದರೆ ನೋಡನೋಡುತ್ತಿದ್ದಂತೆ ಬೆರಳು ಚುರುಕ್ ಎನ್ನುತ್ತದೆ. ಇದು ತಯಾರಿಕೆಯ ದೋಷವಲ್ಲ, ಲೋಹದ ಸ್ವಭಾವ. ಲೋಹಗಳಲ್ಲೆಲ್ಲ ಶಾಖವನ್ನೂ ವಿದ್ಯುತ್ತನ್ನೂ ಅತಿ ಚೆನ್ನಾಗಿ ಹರಿಯಗೊಡುವುದು ಬೆಳ್ಳಿಯೇ, ಮತ್ತು ಎರಡಕ್ಕೂ ಕಾರಣ ಅದರೊಳಗೆ ತಡೆಯಿಲ್ಲದೆ ಓಡಾಡುವ ಎಲೆಕ್ಟ್ರಾನುಗಳು. ತಾಮ್ರ ಅದರ ಹಿಂದೆಯೇ ಇರುವುದರಿಂದಲೂ ಅಗ್ಗವಾಗಿರುವುದರಿಂದಲೂ ಮನೆಯ ವಿದ್ಯುತ್ ತಂತಿಗಳು ಹೆಚ್ಚಾಗಿ ತಾಮ್ರದವಾಗಿವೆ. ಎರಡನೆಯ ಮಹಾಯುದ್ಧದಲ್ಲಿ ತಾಮ್ರದ ಕೊರತೆಯಾದಾಗ, ಅಣುಬಾಂಬ್ ಯೋಜನೆಯ ಓಕ್ ರಿಜ್ ಕೇಂದ್ರದಲ್ಲಿ ಯುರೇನಿಯಂ ಬೇರ್ಪಡಿಸುವ ಯಂತ್ರಗಳ ಕಾಂತಸುರುಳಿಗಳಿಗಾಗಿ ಅಮೆರಿಕದ ಖಜಾನೆಯಿಂದ 13,000 ಟನ್‌ಗೂ ಹೆಚ್ಚು ಬೆಳ್ಳಿಯನ್ನು ಸಾಲವಾಗಿ ತಂದಿದ್ದರು. ಈಗ ಸೌರಫಲಕಗಳ ಮೇಲೆ ಕಾಣುವ ಕೂದಲೆಳೆಯಂಥ ಗೆರೆಗಳಲ್ಲಿಯೂ ಬೆಳ್ಳಿಯೇ ಇದೆ.

ಇನ್ನು ನನ್ನ ಮುಖ್ಯ ದೂರು. ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುವುದಿಲ್ಲ ಎಂದು ಕರಪತ್ರ ಭರವಸೆ ಕೊಡುತ್ತದೆ. ಮೊದಲ ಮಾತು ನಿಜ: ಸಾಮಾನ್ಯ ಗಾಳಿಯ ಆಮ್ಲಜನಕಕ್ಕೂ ನೀರಿಗೂ ಬೆಳ್ಳಿ ಜಗ್ಗುವುದಿಲ್ಲ. ಎರಡನೆಯದು ಸುಳ್ಳು, ಏಕೆಂದರೆ ಗಂಧಕದ ಮುಂದೆ ಅದು ತೀರಾ ದುರ್ಬಲ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಸಾಕು, ಮೇಲ್ಮೈ ಮೊದಲು ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪಡರುತ್ತದೆ. ಇಷ್ಟಿದ್ದೂ ಪೆಟ್ಟಿಗೆಯೊಳಗೆ ಚಮಚ ಅಲುಗದಿರಲೆಂದು ಹಿಡಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದರು! ರಬ್ಬರನ್ನು ಗಟ್ಟಿಮಾಡಲು ಗಂಧಕವನ್ನೇ ಬಳಸುತ್ತಾರೆ. ಎರಡು ತಿಂಗಳು ಪ್ರವಾಸದಲ್ಲಿದ್ದು ಬಂದು ತೆರೆದಾಗ, ಬ್ಯಾಂಡ್ ತಾಗಿದ್ದಷ್ಟು ಅಗಲಕ್ಕೆ ಹಿಡಿಯ ಸುತ್ತ ಕಾಡಿಗೆ ಎಳೆದಂಥ ಕಪ್ಪು ಪಟ್ಟೆಯಿತ್ತು; ಅದರ ಎರಡೂ ಅಂಚಿನಲ್ಲಿ ನೀಲಿ, ನೇರಳೆ, ಹೊಂಬಣ್ಣದ ಸಣ್ಣ ಗೆರೆಗಳು. ಮಾರಾಟಗಾರರಿಗೆ ಬರೆದರೆ ಉಜ್ಜಿ ತೊಳೆಯಿರಿ ಎಂದು ಉತ್ತರ ಬಂತು. ಉಜ್ಜುವ ಪುಡಿ ಕಪ್ಪಿನ ಜೊತೆಗೆ ಒಂದಿಷ್ಟು ಬೆಳ್ಳಿಯನ್ನೂ ಸವೆಸುತ್ತದೆ. ಅದರ ಬದಲು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಚಮಚ ಅದಕ್ಕೆ ತಾಗುವಂತೆ ಇಟ್ಟು, ಅಡಿಗೆ ಸೋಡಾ ಬೆರೆಸಿದ ಕುದಿನೀರು ಸುರಿದೆ. ಕೊಳೆತ ಮೊಟ್ಟೆಯ ವಾಸನೆ ಎದ್ದಿತು, ಕೆಲವೇ ನಿಮಿಷಗಳಲ್ಲಿ ಪಟ್ಟೆ ಬಹುಮಟ್ಟಿಗೆ ಮಾಯವಾಯಿತು. ಇಲ್ಲಿ ಅಲ್ಯೂಮಿನಿಯಂ ಗಂಧಕವನ್ನು ಬಿಡಿಸುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಚಮಚದ ಮೇಲೆ ಉಳಿಯುತ್ತದೆ.

ಬೆಳ್ಳಿಯೂ ಗಂಧಕವೂ ಸೇರಿ ಆದ ಆ ಕಪ್ಪು ಪೊರೆಯ ಹೆಸರು ಸಿಲ್ವರ್ ಸಲ್ಫೈಡ್. ಭೂಮಿಯೊಳಗೆ ಬೆಳ್ಳಿ ದೊರೆಯುವ ಅಕಾಂತೈಟ್ ಎಂಬ ಅದಿರೂ ಅದೇ ಸಂಯುಕ್ತ. ಅಂದರೆ ಎರಡು ತಿಂಗಳಲ್ಲಿ ನನ್ನ ಚಮಚ ಒಂದು ಕೂದಲೆಳೆಗಿಂತ ತೆಳುವಾದ ಪದರದಷ್ಟು ಅದಿರಾಗಿ ಹಿಂದಿರುಗಿತ್ತು. ಪ್ರಕೃತಿಯಲ್ಲಿ ಶುದ್ಧರೂಪದಲ್ಲೇ ಸಿಗುವ ಲೋಹ ಎಂಬ ಕರಪತ್ರದ ವಾಕ್ಯ ಓದಿದರೆ ಗಣಿಯಿಂದ ಬೆಳ್ಳಿಗಟ್ಟಿಯನ್ನು ಹೆಕ್ಕಿ ತಂದಂತೆ ಭಾಸವಾಗುತ್ತದೆ. ಅಂಥ ಬೆಳ್ಳಿ ಇಲ್ಲವೆಂದಲ್ಲ. ನಾರ್ವೆಯ ಕಾಂಗ್ಸ್‌ಬರ್ಗ್ ಗಣಿಗಳಲ್ಲಿ ಬಂಡೆಯ ಬಿರುಕಿನಿಂದ ಟಗರಿನ ಕೊಂಬಿನಂತೆ ಸುರುಳಿ ಸುತ್ತಿ ಬೆಳೆದ ಬೆಳ್ಳಿಯ ತಂತಿಗಳು ಸಿಗುತ್ತಿದ್ದವು. ಆದರೆ ಇಂದು ಹೊರಬರುವ ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರ, ಚಿನ್ನಗಳ ಅದಿರು ಸಂಸ್ಕರಿಸುವಾಗ ದೊರೆಯುವ ಉಪೋತ್ಪನ್ನ. ಉತ್ಪಾದನೆಯಲ್ಲಿ ಮೆಕ್ಸಿಕೊ ಮುಂದಿದೆ, ಚೀನಾ ಮತ್ತು ಪೆರು ಕೂಡ ದೊಡ್ಡ ಉತ್ಪಾದಕರು. ಭೂಮಿಯ ಹೊರಪದರದ ಒಂದು ಟನ್ ಬಂಡೆಯಲ್ಲಿ ಸರಾಸರಿ 0.1 ಗ್ರಾಂ ಬೆಳ್ಳಿಯೂ ಇಲ್ಲ. ನನ್ನ ಚಮಚದಲ್ಲಿರುವ 38 ಗ್ರಾಂ ಬೆಳ್ಳಿಗೆ ಸಾಧಾರಣ ಬಂಡೆಯಾದರೆ ಸುಮಾರು 500 ಟನ್ ಬೇಕಾದೀತು. ಅದಿರಿನ ನಿಕ್ಷೇಪಗಳಿಗೆ ಬೆಲೆ ಬರುವುದು ಇದರಿಂದಲೇ.

ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ ಎಂಬ ಹೇಳಿಕೆಯನ್ನಂತೂ ಕರಪತ್ರದಿಂದ ತೆಗೆಯಲೇಬೇಕು. ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳು, ಬ್ಯಾಕ್ಟೀರಿಯಾಗಳಿಗೆ ಮಾರಕವೆಂಬುದು ನಿಜ, ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಡಯಾಜಿನ್ ಮುಲಾಮು ಇರುವುದೂ ನಿಜ. ಆದರೆ ಬಾಯಿಗೆ ಕ್ಷಣಮಾತ್ರ ತಾಗಿ ಹೋಗುವ ಚಮಚವನ್ನು ಔಷಧಿಯೆಂದು ಮಾರುವುದು ಸರಿಯಲ್ಲ. ಈ ಹೊಗಳಿಕೆ ನಂಬಿ ಬೆಳ್ಳಿಯ ದ್ರಾವಣಗಳನ್ನು ದೀರ್ಘಕಾಲ ಕುಡಿದವರ ಚರ್ಮ ಬೂದುನೀಲಿಗೆ ತಿರುಗಬಹುದು, ಆ ಬಣ್ಣ ಮತ್ತೆ ಹೋಗುವುದಿಲ್ಲ.

ಹೊಳಪು, ತೂಕ, ಹಿಡಿತ ಮೂರರಲ್ಲೂ ಚಮಚದ ಬಗ್ಗೆ ನನಗೆ ತಕರಾರಿಲ್ಲ. ಬಟ್ಟಲಿನ ಭಾಗದಲ್ಲಿ ಬಿದ್ದಿರುವ ಸಣ್ಣ ಗೀರುಗಳು ಸೇರಿ ಈಗ ಮಂದವಾದ ಒಂದೇ ಹೊಳಪಾಗಿವೆ, ಹೊಸದರ ಕನ್ನಡಿ ಮಿನುಗಿಗಿಂತ ನನಗೆ ಅದೇ ಇಷ್ಟ. ಕೊಳ್ಳುವವರು ಮನೆಗೆ ತಂದ ದಿನವೇ ರಬ್ಬರ್ ಬ್ಯಾಂಡ್ ಬಿಚ್ಚಿ, ಪೆಟ್ಟಿಗೆಯನ್ನು ಬೇರೆ ಯಾವುದಕ್ಕಾದರೂ ಬಳಸಲಿ. ನನ್ನ ಚಮಚ ಈಗ ಹತ್ತಿಬಟ್ಟೆಯಲ್ಲಿ ಸುತ್ತಿ, ಬಾಯಿ ಬಿಗಿದ ಚೀಲದಲ್ಲಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ಪಟ್ಟೆಯ ಒಂದು ಅಂಚು ಇನ್ನೂ ಮಸುಕಾಗಿ ಕಾಣುತ್ತದೆ.